ಮಾಮಾ ಔಟಾಗಿ ನಿಂತದ್ದು

ನಮ್ಮ ಮಾಮಾನನ್ನು ಯಾರೂ ಮುಟ್ಟಬಾರದು!

ಹುಬ್ಬೇರಿಸಬೇಡಿ. ಇದು ಮಡಿ, ಮೈಲಿಗೆಯ ಮಾತಲ್ಲ. ಬನಹಟ್ಟಿಯ ನೇಕಾರರ ಓಣಿಯಲ್ಲಿ ಹುಟ್ಟಿ, ಎಪ್ಪತ್ತೆಂಟು ವರ್ಷ ಕಂಡ ಕಂಡವರ ಮನೆಯಲ್ಲಿ ರೊಟ್ಟಿ ಮುರಿದು ತಿಂದ ಮನುಷ್ಯನಿಗೆ ಎಲ್ಲಿಯ ಮಡಿ? ಕಾರಣ ಬಹಳ ಸರಳ. ಮುಟ್ಟಿದರೆ ಅವನು ಔಟಾಗುತ್ತಾನೆ. ಔಟಾದ ಮೇಲೆ ಇದ್ದ ಜಾಗ ಬಿಟ್ಟು ಎದ್ದು ಹೋಗಿ ಪಕ್ಕಕ್ಕೆ ನಿಲ್ಲುತ್ತಾನೆ. ಎದುರು ಪಾರ್ಟಿಯವರು ಯಾರಾದರೂ ಔಟಾಗುವವರೆಗೆ ವಾಪಸು ಬರುವುದಿಲ್ಲ. ಕಬಡ್ಡಿಯ ನಿಯಮ ಅದು. ಮಾಮಾ ಕಬಡ್ಡಿ ಬಿಟ್ಟು ನಲವತ್ತು ವರ್ಷವಾಯಿತು, ನಿಯಮ ಮಾತ್ರ ಮಾಮಾನನ್ನು ಬಿಟ್ಟಿಲ್ಲ.

ಮಾಮಾ ಅಂದರೆ ನನ್ನ ಅವ್ವನ ಅಣ್ಣ. ಹೆಸರು ಹೇಳುವುದಿಲ್ಲ. ಅದಕ್ಕೊಂದು ಕಾರಣವಿದೆ. ಆ ಕಾರಣ ಹೇಳಲು ನನಗೆ ನಾಚಿಕೆ, ಆದರೂ ಅದನ್ನು ಹೇಳಲೆಂದೇ ಈ ಕಾಗದ ಹಿಡಿದು ಕುಳಿತಿದ್ದೇನೆ. ಸ್ವಲ್ಪ ತಡೆಯಿರಿ. ಮೊದಲು ನಗುವ ಸಂಗತಿಗಳನ್ನು ಮುಗಿಸಿಬಿಡೋಣ. ನನಗೂ ಧೈರ್ಯ ಬರಬೇಕಲ್ಲ!

ರಬಕವಿಯಲ್ಲಿ ನಮ್ಮ ಚಿಕ್ಕಪ್ಪನ ಮಗನ ಮದುವೆ. ನಾವು ಗಂಡಿನ ಕಡೆಯವರು, ಅಂದರೆ ಗತ್ತಿನಲ್ಲಿ ಕುಳಿತು ಉಣ್ಣುವವರು. ಮಾಮಾ ಗೋದಿ ಹುಗ್ಗಿಗೆ ತುಪ್ಪ ಹಾಕಿಸಿಕೊಂಡು ಎರಡನೆಯ ತುತ್ತು ಬಾಯಿಗಿಟ್ಟಿದ್ದ. ಸಾರು ಬಡಿಸಲು ಬಂದ ಹೆಣ್ಣಿನ ಕಡೆಯ ಹುಡುಗನೊಬ್ಬನ ಮೊಣಕಾಲು ಮಾಮಾನ ಭುಜಕ್ಕೆ ತಾಗಿತು. ಮುಗಿಯಿತು! ಮಾಮಾ ಎಂಜಲು ಕೈಯನ್ನು ಮೇಲೆತ್ತಿ ಹಿಡಿದು, ಎಲೆ ಬಿಟ್ಟೆದ್ದು, ಹೋಗಿ ಕಂಬಕ್ಕೆ ಒರಗಿ ನಿಂತ. ಗಂಡಿನ ಸಂಬಂಧಿಕನೊಬ್ಬ ನಡುಪಂಕ್ತಿಯಲ್ಲಿ ಎಲೆ ಬಿಟ್ಟೆದ್ದರೆ ಹೆಣ್ಣು ಹೆತ್ತವರ ಎದೆ ಏನಾಗಬೇಡ? ಹುಡುಗಿಯ ಅಪ್ಪ ಓಡಿ ಬಂದರು.

"ಯಾಕ್ರಿ ಹಿರ್ಯಾರ, ಅಡಗಿ ಸರಿ ಆಗಿಲ್ಲೇನ್ರಿ?"

"ಅಡಗಿ ಭಾಳ ಛಲೋ ಆಗೈತ್ರಿ."

"ಮತ್ತ ಯಾಕ ಎದ್ರಿ? ಯಾರರೆ ಏನರೆ ಅಂದ್ರೇನು?"

"ಯಾರೂ ಏನೂ ಅಂದಿಲ್ರಿ. ಔಟ್ ಆಗೇನಿ, ಅಷ್ಟ."

ಪಾಪ, ಅವರಿಗೆ ಏನು ಅರ್ಥವಾಗಬೇಕು? ಇದು ಮುನಿಸೇ ಎಂದು ತಿಳಿದು ನಾಲ್ಕು ಜನ ಹಿರಿಯರನ್ನು ಕರೆತಂದರು. ಕೈ ಮುಗಿದರು. ಒಂದು ಟೋಪಿ, ಟವೆಲ್ಲೂ ಬಂತು. ಮಾಮಾ ಯಾವುದಕ್ಕೂ ಜಗ್ಗಲಿಲ್ಲ, ಹೆಣ್ಣಿನ ಕಡೆಯ ಪಂಕ್ತಿಯನ್ನೇ ನೋಡುತ್ತ ನಿಂತ. ಕೊನೆಗೆ ಆ ಕಡೆಯ ಅಜ್ಜಿಯೊಬ್ಬಳು ಉಂಡು ಮುಗಿಸಿ ಕೈತೊಳೆಯಲು ಎದ್ದಳು. "ಆತು! ಒಬ್ರು ಔಟ್!" ಎಂದವನೇ ಮಾಮಾ ಬಂದು ತನ್ನ ಎಲೆಯ ಮುಂದೆ ಕುಳಿತು ಆರಿದ ಹುಗ್ಗಿಯನ್ನು ಸಂತೋಷದಿಂದ ಉಂಡ. ಗಂಡಿನ ಮಾವನ ಮುನಿಸನ್ನು ಇಳಿಸಿದ ಪುಣ್ಯಾತ್ಗಿತ್ತಿ ಎಂದು ಆ ಅಜ್ಜಿಗೆ ಇಡೀ ರಬಕವಿಯಲ್ಲಿ ಹೆಸರಾಯಿತು.

ಬೋನಸ್ಸಿನ ಕತೆ ಬೇರೆ. ಎದುರಿಗೆ ಕನಿಷ್ಠ ಆರು ಜನ ಇದ್ದಾಗ ದಾಳಿಗೆ ಹೋದವನು ಹಿಂದಿನ ಗೆರೆಯಾಚೆ ಕಾಲಿಟ್ಟರೆ ಒಂದು ಅಂಕ ಹೆಚ್ಚಿಗೆ ಸಿಗುತ್ತದೆ. ಈ ನಿಯಮವನ್ನು ಮಾಮಾ ಟೀವಿ ನೋಡಿ ಕಲಿತ. ಕಲಿತವನು ಟೀವಿಯಲ್ಲೇ ಬಿಟ್ಟನೇ? ಮನೆಯಲ್ಲಿ ಊಟಕ್ಕೆ ಆರು ಜನ ಕುಳಿತರೆ ಸಾಕು, ಅಡುಗೆಮನೆಯ ಹೊಸ್ತಿಲಾಚೆ ಒಂದು ಕಾಲು ಚಾಚಿ "ಬೋನಸ್!" ಎಂದು ಕೂಗಿ ಬುಟ್ಟಿಯಿಂದ ಒಂದು ಹೋಳಿಗೆ ಎತ್ತುತ್ತಿದ್ದ. ಐದೇ ಜನ ಇದ್ದರೆ ಮುಟ್ಟುತ್ತಿರಲಿಲ್ಲ. ಅಷ್ಟು ಪ್ರಾಮಾಣಿಕ! ನಮ್ಮ ಮಾಮಿ ಇರುವವರೆಗೆ ಒಂದು ದಿನವೂ ನಮ್ಮ ಜೊತೆ ಪಂಕ್ತಿಗೆ ಕೂಡಲಿಲ್ಲ. ಆಚಾರವಂತೆ ಎಂದುಕೊಂಡಿದ್ದೆವು. ಹೋಳಿಗೆ ಉಳಿಸುತ್ತಿದ್ದಳು.

ಇನ್ನು ಜನರನ್ನು ನೋಡುವ ರೀತಿ. ಮಾಮಾ ಯಾರ ಮುಖವನ್ನೂ ನೋಡುವುದಿಲ್ಲ, ಕಾಲು ನೋಡುತ್ತಾನೆ. ಎದುರಿನವನ ಕಣ್ಣು ಸುಳ್ಳು ಹೇಳುತ್ತವೆ, ಹಿಮ್ಮಡಿ ಹೇಳುವುದಿಲ್ಲ ಎಂಬುದು ಅವನ ಸಿದ್ಧಾಂತ. ನನ್ನನ್ನು ನೋಡಲು ಮುಧೋಳದಿಂದ ಗಂಡಿನವರು ಬಂದಾಗ ಎಲ್ಲರೂ ಹುಡುಗನ ನೌಕರಿ, ಮನೆ, ಹೊಲ ವಿಚಾರಿಸಿದರೆ ಮಾಮಾ ಚಾಪೆಯ ತುದಿಯಲ್ಲಿ ಕುಳಿತು ಹುಡುಗನ ಪಾದಗಳನ್ನೇ ಕಾಲು ಗಂಟೆ ನೋಡಿದ. ಹುಡುಗ ನಾಚಿ ಕಾಲನ್ನು ಪಂಚೆಯೊಳಗೆ ಎಳೆದುಕೊಂಡ. ಮಾಮಾ ಎದ್ದು ಅವ್ವನಿಗೆ ಎಲ್ಲರೂ ಕೇಳುವ ಹಾಗೆ ಹೇಳಿದ:

"ಎಡಗಾಲು ಭಾಳ ಬಿಗಿ ಐತಿ. ಓಡಿ ಹೋಗೂ ಪೈಕಿ ಅಲ್ಲ. ಕೊಟ್ಟ ಬಿಡು."

ಇಪ್ಪತ್ತಾರು ವರ್ಷವಾಯಿತು. ನನ್ನ ಗಂಡ ಎಲ್ಲಿಗೂ ಓಡಿಲ್ಲ. ಪೇಟೆಗೆ ಕಳಿಸಬೇಕಾದರೂ ನಾನೇ ದೂಡಬೇಕು.

ಮದುವೆಯ ಕರೆಯೋಲೆ ಹಂಚಿದ್ದೂ ಮಾಮಾನೇ. ಬೀಳಗಿಯಲ್ಲಿ ನಮ್ಮ ಸಂಬಂಧದ ಒಬ್ಬ ದೊಡ್ಡಮ್ಮ ಇದ್ದಳು. ಅವಳ ಮನೆಗೆ ಹೋದವರು ಮೂರು ತಾಸಿನೊಳಗೆ ಹೊರಬಂದ ದಾಖಲೆಯಿಲ್ಲ, ಅಷ್ಟು ಮಾತು. ಮಾಮಾ ಏನು ಮಾಡಿದ? ಕಬಡ್ಡಿ ಅಂಕಣಕ್ಕೆ ಇಳಿಯುವವನ ಹಾಗೆ ಬಾಗಿಲಲ್ಲಿ ಬಗ್ಗಿ ನೆಲ ಮುಟ್ಟಿ ಹಣೆಗೊತ್ತಿಕೊಂಡ. ಎದೆ ತುಂಬ ಉಸಿರೆಳೆದ. ಒಳಗೆ ನುಗ್ಗಿ, "ಅಕ್ಕಾ ನಮ್ಮ ತಂಗಿ ಮಗಳ ಮದವಿ ಐತಿ ಎಲ್ಲಾರೂ ಬರಬೇಕ ಮರೀಬ್ಯಾಡ್ರಿ" ಎಂದು ಅದೇ ಉಸಿರಿನಲ್ಲಿ ಅಕ್ಷತೆ ಕೊಟ್ಟು, ಅದೇ ಉಸಿರಿನಲ್ಲಿ ಅಂಗಳ ದಾಟಿ ಬಂದು ಉಸಿರು ಬಿಟ್ಟ. ದೊಡ್ಡಮ್ಮ ನೀರಿನ ತಂಬಿಗೆ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಬೆನ್ನಟ್ಟಿದಳಂತೆ. ಮದುವೆಗೆ ಬಂದವಳು ಅಕ್ಕಿಕಾಳು ಹಾಕುವುದಕ್ಕಿಂತ ಮೊದಲು ಅವ್ವನನ್ನು ಕೇಳಿದ್ದು ಒಂದೇ ಮಾತು: "ನಿಮ್ಮಣ್ಣಗ ದಮ್ಮಿನ ಬ್ಯಾನಿ ಯಾವಾಗಿಂದ ಐತಿ?"

ಮದುವೆಯಾದ ಮೇಲೆ ಮೊದಲ ದೀಪಾವಳಿಗೆ ಮಾಮಾ ನನ್ನನ್ನು ಕರೆಯಲು ಮುಧೋಳಕ್ಕೆ ಬಂದ. ನಮ್ಮತ್ತೆಯ ಮನೆಯಲ್ಲಿ ತಿಮ್ಮಾಪುರದಿಂದ ತಂದ ಬೇಟೆನಾಯಿ. ತೆಳ್ಳಗೆ, ಎತ್ತರಕ್ಕೆ, ಹೊಟ್ಟೆ ಬೆನ್ನಿಗಂಟಿಕೊಂಡದ್ದು. ಅದನ್ನು ನೋಡಿ ಮಾಮಾನ ಕಣ್ಣು ಅರಳಿದವು. "ಏನ್ ಕಾಲಪಾ ಇದರದು! ಇಂಥಾ ಒಬ್ಬಾಂವ ನಮ್ಮ ಟೀಮಿನ್ಯಾಗ ಇದ್ದಿದ್ರ!" ಎಂದು ಪಂಚೆ ಎತ್ತಿ ಕಟ್ಟಿ ಅಂಗಳಕ್ಕಿಳಿದ. ನಾಯಿ, ಮಾಮಾ ಇಬ್ಬರೂ ಒಬ್ಬರನ್ನೊಬ್ಬರು ಸುತ್ತತೊಡಗಿದರು. ಎರಡು ನಿಮಿಷದಲ್ಲಿ ನಾಯಿ ಮೂತಿಯಿಂದ ಮಾಮಾನ ಮಂಡಿ ಮುಟ್ಟಿತು. ಮಾಮಾ ಹೋಗಿ ಬೇವಿನ ಗಿಡದ ಕೆಳಗೆ ನಿಂತ. ನಾಯಿ ಔಟಾಗುವುದು ಹೇಗೆ ಹೇಳಿ? ಮಧ್ಯಾಹ್ನದ ಊಟ ಆರಿತು. ಮಾವನವರು ಕರೆದರು, ಅತ್ತೆ ಕರೆದರು, ಓಣಿಯ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕುಳಿತು ನಕ್ಕರು. ನಾನು ಕದದ ಹಿಂದೆ ನಿಂತು, ಭೂಮಿ ಬಾಯಿ ಬಿಟ್ಟರೆ ಇಳಿದು ಹೋಗುತ್ತಿದ್ದೆ. ಕೊನೆಗೆ ನನ್ನ ಗಂಡ ನಾಯಿಯನ್ನು ಗೇಟಿನಾಚೆ ಎಳೆದುಕೊಂಡು ಹೋಗಿ, "ಮಾಮಾರ, ನಾಯಿ ಔಟ್ ರೀ!" ಎಂದು ಕೂಗಿದ ಮೇಲೆ ಮಾಮಾ ಬಂದು ಕೈತೊಳೆದ.

ನೀವು ನಗುತ್ತೀರಿ. ನಗಿ. ನಾನು ಮಾತ್ರ ಆ ದಿನ ನಗಲಿಲ್ಲ, ಹಲ್ಲು ಕಚ್ಚಿದೆ. ಇಂಥ ಮಾಮಾ ನನಗೇ ಯಾಕೆ ಬಂದ ಎಂದು ಕಣ್ಣೀರು ಹಾಕಿದೆ.

ಈಗ ಅವನು ಯಾರು ಎಂಬುದನ್ನು ಹೇಳಬೇಕು. ಮಾಮಾ ಹರೆಯದಲ್ಲಿ ಹಗಲೆಲ್ಲ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ, ಸಂಜೆ ತಾಲೀಮಿನ, ಅಂದರೆ ಊರ ಗರಡಿಮನೆಯ, ಮುಂದಿನ ಮಣ್ಣಿನಲ್ಲಿ ಕಬಡ್ಡಿ ಆಡುತ್ತಿದ್ದ. ಮಗ್ಗ ತುಳಿದು ತುಳಿದು ಕಬ್ಬಿಣವಾದ ಕಾಲು. ನಮ್ಮ ತಂಡಕ್ಕೆ ಒಬ್ಬ ಕ್ಯಾಪ್ಟನ್ ಇದ್ದ, ಮಾಮಾನ ಜೀವದ ಗೆಳೆಯ. ಅವನು ಹಿಡಿಯುವುದು, ಮಾಮಾ ದಾಳಿ ಹೋಗುವುದು. ಈ ಜೋಡಿಯನ್ನು ಸುತ್ತಿನ ಯಾವ ಊರೂ ಸೋಲಿಸಲಿಲ್ಲ. ಗೆದ್ದವರ ಹೆಸರುಗಳನ್ನು ತಾಲೀಮಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸುವ ರೂಢಿ. ಮೇಲಿನ ಹೆಸರು ಮಾಮಾನದು.

ಅಷ್ಟರಲ್ಲಿ ಮಹಾರಾಷ್ಟ್ರದ ಇಚಲಕರಂಜಿಯ ಒಂದು ಮಿಲ್ಲಿನವರು ಬಂದರು. ಅವರದೊಂದು ಕಬಡ್ಡಿ ತಂಡ. ನಮ್ಮ ಪರವಾಗಿ ಆಡು, ಕಾಯಂ ನೌಕರಿ ಕೊಡುತ್ತೇವೆ ಎಂದರು. ಮಾಮಾ ಹೋದ. ಮುಂದಿನ ವರ್ಷ ಜಮಖಂಡಿಯಲ್ಲಿ ಪಂದ್ಯ, ಕೊನೆಯ ಆಟದಲ್ಲಿ ಒಂದು ಕಡೆ ಮಿಲ್ಲು, ಇನ್ನೊಂದು ಕಡೆ ನಮ್ಮೂರು. ಕೊನೆಯ ದಾಳಿಗೆ ಬಂದವನು ಮಾಮಾ. ಹಿಮ್ಮಡಿಗೆ ಕೈ ಹಾಕಿದವನು ಕ್ಯಾಪ್ಟನ್. ಮಾಮಾ ಗೆಳೆಯನನ್ನು ಮಣ್ಣಿನಲ್ಲಿ ದರದರ ಎಳೆದುಕೊಂಡು ಹೋಗಿ ಗೆರೆ ಮುಟ್ಟಿದ. ನಮ್ಮೂರು ಸೋತಿತು.

ಮರುದಿನ ಬೆಳಿಗ್ಗೆ ಕ್ಯಾಪ್ಟನ್ ತಾನೇ ಸುಣ್ಣದ ಡಬ್ಬಿ ತಂದು ಗೋಡೆಯ ಮೇಲಿನ ಆ ಮೊದಲ ಹೆಸರನ್ನು ಅಳಿಸಿದ. ಒಂದೇ ಸಲಕ್ಕೆ ಕೆಂಪು ಮುಚ್ಚಲಿಲ್ಲವಂತೆ, ಮೂರು ಸಲ ಬಳಿದನಂತೆ.

ಹತ್ತು ವರ್ಷದ ಮೇಲೆ ಮಾಮಾನ ಮಂಡಿ ಮುರಿಯಿತು. ಮಿಲ್ಲಿನವರಿಗೆ ಆಡದ ಆಟಗಾರ ಯಾತಕ್ಕೆ? ಊರಿಗೆ ಬಂದ. ಬಂದ ದಿನವೇ ತಾಲೀಮಿಗೆ ಹೋದ. ಆಟ ನಡೆದಿತ್ತು. ಬರಬೇಡ ಎಂದು ಯಾರೂ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಗೆರೆಯಾಚೆ ಕತ್ತಲಾಗುವವರೆಗೆ ನಿಂತು ಮನೆಗೆ ಬಂದ. "ಮೊದಲ ಹಿಂಗಿರಲಿಲ್ಲವಾ ಅಂವ" ಎನ್ನುತ್ತಾಳೆ ಅವ್ವ. "ಈ ಔಟ್ ಆಗೂ ಹುಚ್ಚ ಆವತ್ತಿನಿಂದ ಸುರುವಾತು."

ಒಮ್ಮೆ ನಾನೇ ಕೇಳಿದ್ದೆ. "ಮಾಮಾ, ಯಾಕ ಹೋದಿ ನೀ?"

"ಮಿಲ್ಲಿನ್ಯಾಗ ದಿನಾ ಅರ್ಧ ಶೇರು ಹಾಲು, ಎರಡ ಬಾಳೆಹಣ್ಣ ಕೊಡ್ತಿದ್ರು. ಮತ್ತ ಕಾಲಿಗೆ ಬೂಟು."

"ಇಷ್ಟಕ್ಕ ಊರು ಬಿಟ್ಟ್ಯಾ?"

"ಹಸದಾಂವ ಇಷ್ಟಕ್ಕ ಬಿಡ್ತಾನವಾ" ಎಂದು ನಕ್ಕ.

ನಾನು ಜಮಖಂಡಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ಮೂರು ವರ್ಷದ ಹಿಂದೆ ಮಾಮಾ ಅಲ್ಲಿಗೆ ಬಂದ. ಅವ್ವ ಶೇಂಗಾ ಹೋಳಿಗೆ ಕೊಟ್ಟು ಕಳಿಸಿದ್ದಳು. ಸ್ಟಾಫ್ ರೂಮಿನ ಬಾಗಿಲಲ್ಲಿ ಬಗ್ಗಿದ, ನೆಲ ಮುಟ್ಟಿ ಹಣೆಗೊತ್ತಿಕೊಂಡ, ಒಳಗೆ ಬಂದು ನೇರ ಹೆಡ್‌ಮಾಸ್ತರರ ಕಾಲು ನೋಡಿದ. "ಸರ್‌ದು ಅಂಗಾಲು ಸಪಾಟ ಅದಾವ. ಓಡಾಕ ಬರಂಗಿಲ್ಲ" ಎಂದ. ಎಲ್ಲರೂ ಕಿಸಕ್ಕನೆ ನಕ್ಕರು. ಹೆಡ್‌ಮಾಸ್ತರರು ಕಾಲು ಹಿಂದೆಗೆದು ಕೇಳಿದರು, "ಯಾರ್ರಿ ಮೇಡಂ ಇವರು?"

ನಾನು ಏನೆಂದೆ ಗೊತ್ತೇ? "ನಮ್ಮ ಓಣ್ಯಾವ್ರು ಸರ್" ಎಂದೆ.

ಮಾಮಾ ನನ್ನ ಕಡೆ ನೋಡಿದ. ಆ ಒಂದು ಸಲ ಅವನು ಕಾಲು ನೋಡಲಿಲ್ಲ, ಮುಖ ನೋಡಿದ. ಆಮೇಲೆ ಚೀಲವನ್ನು ಮೇಜಿನ ಮೇಲಿಟ್ಟು ಹೇಳಿದ: "ಹೌದ್ರಿ, ಓಣ್ಯಾಂವ ರೀ. ಟೀಚರ, ನಿಮ್ಮ ತಾಯ್ಯಾರು ಇದನ್ನ ಕೊಟ್ಟ ಕಳಿಸ್ಯಾರ್ರಿ."

ಹುಟ್ಟಿದಾಗಿನಿಂದ ನನ್ನನ್ನು ಹೆಗಲ ಮೇಲೆ ಹೊತ್ತವನು, "ಲೇ ಹುಡುಗಿ" ಎಂದಲ್ಲದೆ ಕರೆಯದವನು, ನನಗೆ 'ರಿ' ಹಚ್ಚಿ ಮಾತಾಡಿದ! ಹೋಳಿಗೆ ಬಹಳ ಚೆನ್ನಾಗಿದ್ದವು ಎಂದು ಎಲ್ಲರೂ ಹೊಗಳಿದರು. ನನಗೆ ಒಂದನ್ನೂ ತಿನ್ನಲಾಗಲಿಲ್ಲ.

ಇಷ್ಟಕ್ಕೆ ಬುದ್ಧಿ ಬಂದಿದ್ದರೆ ಈ ಪ್ರಬಂಧ ಇಲ್ಲಿಗೆ ಮುಗಿಯುತ್ತಿತ್ತು. ಬರಲಿಲ್ಲ.

ಕಳೆದ ವರ್ಷ ತಾಲೀಮಿನ ಹಳೆಯ ಕಟ್ಟಡ ಕೆಡವಿ ಹೊಸ ಹಾಲ್ ಕಟ್ಟಿದರು. ಮಣ್ಣು ಹೋಗಿ ಮ್ಯಾಟ್ ಬಂತು. ಹಳೆಯ ಗೋಡೆ ಹೋಯಿತಲ್ಲ, ಅದರ ಬದಲು ಕರಿಕಲ್ಲಿನ ಮೇಲೆ ಹಳೆಯ ಆಟಗಾರರ ಹೆಸರು ಕೆತ್ತಿಸಬೇಕೆಂದು ಕಮಿಟಿ ತೀರ್ಮಾನಿಸಿತು. ಪಟ್ಟಿ ಬರೆಯಲು ಕನ್ನಡ ಟೀಚರಾದ ನನ್ನನ್ನು ಕರೆದರು. ಕಮಿಟಿಯ ಅಧ್ಯಕ್ಷ ಯಾರು? ಅದೇ ಕ್ಯಾಪ್ಟನ್! ಈಗ ಎಂಬತ್ತರ ಹತ್ತಿರ, ಕೈಯಲ್ಲಿ ಕೋಲು, ಮೈತುಂಬ ಸಕ್ಕರೆ ಕಾಯಿಲೆ. ಐವತ್ತು ವರ್ಷದಿಂದ ಮಾಮಾನ ಜೊತೆ ಮಾತಿಲ್ಲ. ಅವರು ನೆನಪಿಸಿಕೊಂಡು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಒಂದು ಕಡೆ ನಿಂತರು. ಕೋಲಿನಿಂದ ನೆಲ ಕುಟ್ಟಿದರು.

"ನಿಮ್ಮ ಮಾಮಾಂದು… ಬರೀರಿ ಬೇಕಾದ್ರ. ಬ್ಯಾಡಾದ್ರ ಬಿಡ್ರಿ. ನಿಮಗ ಬಿಟ್ಟೇನಿ ಟೀಚರ."

ಸುಣ್ಣದ ಡಬ್ಬಿ ಹಿಡಿದ ಕೈ ಅಷ್ಟು ವರ್ಷದ ಸಿಟ್ಟನ್ನು ಕೆಳಗಿಟ್ಟಿತ್ತು. ನಾನು ಮಾಡಬೇಕಿದ್ದುದು ಒಂದು ಹೆಸರು ಬರೆಯುವುದು. ಆದರೆ ನನ್ನ ತಲೆಯಲ್ಲಿ ಓಡಿದ್ದೇ ಬೇರೆ. ಕಲ್ಲಿನ ಮೇಲೆ ಹೆಸರಿದ್ದ, ಬದುಕಿರುವ ಹಿರಿಯರಿಗೆಲ್ಲ ವೇದಿಕೆಯ ಮೇಲೆ ಶಾಲು ಹೊದಿಸುತ್ತಾರೆ. ಹೆಡ್‌ಮಾಸ್ತರರು ಬರುತ್ತಾರೆ, ಮುಧೋಳದಿಂದ ಅತ್ತೆಯ ಮನೆಯವರು ಬರುತ್ತಾರೆ, ದೊಡ್ಡ ಅತಿಥಿಗಳು ಬರುತ್ತಾರೆ. ಮಾಮಾ ಮೆಟ್ಟಿಲಿಗೆ ಬಗ್ಗುತ್ತಾನೆ. ಅತಿಥಿಯ ಕಾಲು ನೋಡಿ ಏನಾದರೂ ಅನ್ನುತ್ತಾನೆ. ಶಾಲು ಹೊದಿಸುವವರ ಕೈ ತಾಗಿ ವೇದಿಕೆಯ ಮೇಲೆಯೇ ಔಟಾಗುತ್ತಾನೆ! ಆಮೇಲೆ ನಾನು ಯಾರಿಗೆ ಮುಖ ತೋರಿಸಲಿ?

ಪೆನ್ನು ಮುಂದಿನ ಹೆಸರಿಗೆ ಹೋಯಿತು. ಅಧ್ಯಕ್ಷರು ಕಾಗದ ನೋಡಿದರು, ನನ್ನನ್ನು ನೋಡಿದರು.

ಉದ್ಘಾಟನೆಯ ಹಿಂದಿನ ದಿನ ಮಾಮಾ ಹೋಗಿ ಕಲ್ಲು ನೋಡಿ ಬಂದ. ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದನಂತೆ, ಮತ್ತೆ ಕೆಳಗಿನಿಂದ ಮೇಲೆ ಓದಿದನಂತೆ. ತವರಿಗೆ ಬಂದಿದ್ದ ನನ್ನ ಮುಂದೆ ಕುಳಿತು ಚಹಾ ಕುಡಿದ.

"ಅಕ್ಷರ ಛಲೋ ಬಂದಾವ ಹುಡುಗಿ. ನಂದೊಂದ ಇಲ್ಲ ನೋಡ. ಆ ಮುದುಕ ಇನ್ನೂ ಸಿಟ್ಟ ಬಿಟ್ಟಿಲ್ಲ."

"ಹೌದು ಮಾಮಾ" ಎಂದೆ ನಾನು. ಹೌದು ಎಂದೆ! ಥೂ!

ಮರುದಿನ ಬೆಳಿಗ್ಗೆ ಹಾಲ್ ತುಂಬ ಜನ. ಪಟ್ಟಿ ಬರೆದವಳೆಂದು ನನಗೂ ವೇದಿಕೆಯ ಮೇಲೆ ಒಂದು ಕುರ್ಚಿ, ಕೊರಳಿಗೊಂದು ಹಾರ. ಹಾಲಿನ ಬಾಗಿಲಲ್ಲಿ ಅಡ್ಡಕ್ಕೆ ಒಂದು ಬಿಳಿ ಗೆರೆ ಎಳೆದಿದ್ದರು, ಚಪ್ಪಲಿ ಅದರಾಚೆ ಬಿಡಬೇಕೆಂದು. ಮಾಮಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ಬಂದವನು ಗೆರೆಯಾಚೆ ಚಪ್ಪಲಿಗಳ ನಡುವೆ ನಿಂತಿದ್ದ. "ಬರ್ರಿ ಅಜ್ಜಾರ, ಒಳಗ ಕುಂದರ್ರಿ" ಎಂದು ಹುಡುಗರು ಕರೆದರೆ, "ಇಲ್ಲೇ ಛಲೋ ಐತ್ರಪಾ" ಎನ್ನುತ್ತಿದ್ದ. ಒಬ್ಬೊಬ್ಬರ ಹೆಸರು ಕರೆದು ಶಾಲು ಹೊದಿಸಿದಾಗಲೂ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುತ್ತಿದ್ದವನು ಅವನೇ.

ನನಗೆ ಕೂಡಲಾಗಲಿಲ್ಲ. ಹಾರ ತೆಗೆದು ಕುರ್ಚಿಯ ಮೇಲಿಟ್ಟು, ಭಾಷಣ ನಡೆದಿದ್ದಂತೆಯೇ ಎಲ್ಲರ ನಡುವೆ ಹಾದು ಬಂದು ಗೆರೆ ದಾಟಿ ಅವನ ಪಕ್ಕಕ್ಕೆ ನಿಂತೆ.

"ಮಾಮಾ, ನಾ ಔಟ್ ಆದೆ. ನೀ ಒಳಗ ಹೋಗು."

ಮಾಮಾ ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವ ಹಾಗೆ ನೋಡಿದ. "ಟೀಚರ ಆಗಿ ಇಷ್ಟೂ ಗೊತ್ತಿಲ್ಲೇನ? ಎದುರಿನವರು ಔಟ್ ಆದ್ರ ನಾ ಒಳಗ. ನೀ ನಮ್ಮ ಟೀಮಿನಾಕಿ. ನೀ ಔಟ್ ಆದ್ರ ನನಗೇನ ಬಂತು?"

ತಡೆಯಲಾಗಲಿಲ್ಲ. ಅತ್ತುಬಿಟ್ಟೆ. "ಮಾಮಾ, ಹೆಸರು ಬಿಟ್ಟಾಕಿ ನಾನು. ಅಧ್ಯಕ್ಷರಲ್ಲ."

"ಗೊತ್ತೈತಿ. ನಿನ್ನೆ ಕಲ್ಲು ನೋಡಾಕತ್ತಾಗ ಮುದುಕ ಬಂದಿದ್ದ. ಐವತ್ತ ವರ್ಷದ ಮ್ಯಾಲೆ ಮಾತಾಡ್ಯಾನ ನೋಡ! ಏನಂದ ಗೊತ್ತೈತೇನು? 'ಲೇ, ಈ ಸಲ ನಾ ಅಲ್ಲೋ' ಅಂದ."

"ಮತ್ತ ನಿನ್ನೆ ನನ್ನ ಮುಂದ ಅವರ ಮ್ಯಾಲೆ ಯಾಕ ಹಾಕಿದಿ?"

"ನಿನ್ನ ಮಾರಿ ನೋಡಿದೆ." ಆಮೇಲೆ ಹೇಳಿದ, "ನಮ್ಮವರ ಕೈ ತಾಗಿದ್ರ ಯಾರೂ ಔಟ್ ಆಗಂಗಿಲ್ಲವಾ. ಅಳಬ್ಯಾಡ."

ಅಷ್ಟರಲ್ಲಿ ವೇದಿಕೆಯ ಮೇಲೆ ಅಧ್ಯಕ್ಷರು ಎದ್ದರು. ಸಕ್ಕರೆ ಕಾಯಿಲೆಯವರು, ಎಷ್ಟು ಹೊತ್ತು ತಡೆದುಕೊಳ್ಳಬೇಕು? ಕೋಲೂರಿಕೊಂಡು ಅವಸರದಿಂದ ಬಂದು ಗೆರೆ ದಾಟಿದರು.

"ಔಟ್!" ಎಂದ ಮಾಮಾ. ಇಡೀ ಹಾಲ್ ತಿರುಗಿ ನೋಡಿತು.

ಅಧ್ಯಕ್ಷರು ತಮ್ಮ ಕಾಲು ನೋಡಿಕೊಂಡರು. ಗೆರೆ ನೋಡಿದರು. ಮಾಮಾನನ್ನು ನೋಡಿದರು. "ಖರೆ. ಔಟ್ ಆದೆ" ಎಂದರು. "ಹೋಗಲೇ ಒಳಗ. ಎಷ್ಟೊತ್ತು ನಿಲ್ಲಾಂವ ನೀ?"

ಮಾಮಾ ಮುರಿದ ಮಂಡಿಯನ್ನು ಒಂದು ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿದ. ನೆಲ ಮುಟ್ಟಿ ಹಣೆಗೊತ್ತಿಕೊಂಡ. ಒಳಗೆ ಹೋದ. ನಾನೂ ಹಿಂದೆಯೇ ಕಾಲೆತ್ತಿದೆ. ತಿರುಗಿ ಗದರಿಸಿದ: "ನೀ ಎಲ್ಲಿ ಬರ್ತಿ? ಒಬ್ಬ ಔಟ್ ಆದ್ರ ಒಬ್ಬರ ಒಳಗ. ಮೊದಲ ಔಟ್ ಆದಾಂವ ನಾ. ನಿನ್ನ ಪಾಳಿ ಬರೂತನಕ ನಿಲ್ಲು!"

ನಿಂತೆ.

ಕಲ್ಲಿನ ಮೇಲೆ ಹೆಸರು ಇನ್ನೂ ಬಂದಿಲ್ಲ. ಕಮಿಟಿಗೆ ತಪ್ಪೊಪ್ಪಿಕೊಂಡು ಪತ್ರ ಕೊಟ್ಟಿದ್ದೇನೆ, ಅಧ್ಯಕ್ಷರು ಒಪ್ಪಿದ್ದಾರೆ, ಕೆತ್ತುವವನು ಇವತ್ತು ನಾಳೆ ಎನ್ನುತ್ತಿದ್ದಾನೆ. ಇದನ್ನು ಬರೆಯುವಾಗ, "ಮಾಮಾ, ನಿನ್ನ ಹೆಸರು ಹಾಕಲೇನು?" ಎಂದು ಕೇಳಿದೆ. "ಮೊದಲ ಕಲ್ಲಿನ ಮ್ಯಾಲೆ ಬರಲಿ. ಆಮ್ಯಾಲೆ ಕಾಗದ" ಎಂದ. ಅದಕ್ಕೇ ಹೇಳಲಿಲ್ಲ.

ಆ ಹಾಲಿನೊಳಗೆ ನಾನು ಅಂದಿನಿಂದ ಕಾಲಿಟ್ಟಿಲ್ಲ. ಮಾಮಾ ಮಾತ್ರ ದಿನಾ ಸಂಜೆ ಹೋಗಿ ಮ್ಯಾಟಿನ ಪಕ್ಕ ಕೂಡುತ್ತಾನಂತೆ. ಬಗಲಿಗೆ ಒಂದು ಕುರ್ಚಿ ಖಾಲಿ ಇಟ್ಟುಕೊಂಡಿರುತ್ತಾನಂತೆ. ಯಾರಾದರೂ ಕೂಡಲು ಬಂದರೆ ಬೈದು ಎಬ್ಬಿಸುತ್ತಾನಂತೆ.

"ಏಳಲೇ, ಅದು ನಮ್ಮ ಹುಡುಗೀದು. ಆಕಿ ಇನ್ನೂ ಔಟ್ ಅದಾಳ. ಪಾಳಿ ಬಂದ ಕೂಡ್ಲೆ ಬರ್ತಾಳ."